ನಡತೆ ದಿಢೀರನೆ ಬದಲಾದರೆ ತಡಮಾಡಬೇಡಿ



ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆ ಮನೆಯವರ ಗುರುತು ಹಿಡಿಯದೆ ಬಡಬಡಿಸತೊಡಗಿದರೆ, ಗಾಳಿ ಸೋಕಿತೆಂದು ಅಂತ್ರ ಕಟ್ಟಿಸುವ ರೂಢಿ ಕೆಲವು ಕಡೆ ಇಂದಿಗೂ ಇದೆ. ಎತ್ತು ಮೇವು ಬಿಟ್ಟ ದಿನವೇ ಪಶುವೈದ್ಯರನ್ನು ಕರೆಸುವ ನಾವು, ಮನುಷ್ಯರ ವಿಷಯದಲ್ಲಿ ಕಾಯುವುದು ಸರಿಯೇ?

ಹೀಗೆ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಬರುವ ಗಲಿಬಿಲಿಗೆ ಸನ್ನಿ ಎನ್ನುತ್ತೇವೆ. ಇದರ ಮೂಲ ಸಾಮಾನ್ಯವಾಗಿ ಶರೀರದಲ್ಲಿರುತ್ತದೆ. ಜ್ವರ, ತಲೆಗೆ ಪೆಟ್ಟು, ಬಿಸಿಲಿನ ಹೊಡೆತ, ಸಕ್ಕರೆ ಕಾಯಿಲೆಯವರಲ್ಲಿ ರಕ್ತದ ಸಕ್ಕರೆ ಇಳಿಯುವುದು, ವಿಷ ಇವೆಲ್ಲ ಕಾರಣಗಳೇ.

ಸಿಂಪಡಣೆಯ ನಂತರ

ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಚರ್ಮದ ಮೂಲಕವೂ ದೇಹ ಸೇರುತ್ತದೆ. ಬೆವರು, ಜೊಲ್ಲು, ವಾಂತಿ, ಕಿರಿದಾದ ಕಣ್ಣಪಾಪೆ, ಮಾಂಸಖಂಡಗಳ ಅದಿರಾಟ, ಜೊತೆಗೆ ಗಲಿಬಿಲಿ ಕಂಡರೆ ವಿಷವೆಂದೇ ತಿಳಿಯಿರಿ. ನಿಮ್ಮ ಕೈಗೆ ರಬ್ಬರ್ ಗವಸು ಹಾಕಿಕೊಂಡು ರೋಗಿಯ ಬಟ್ಟೆ ತೆಗೆಸಿ, ಮೈಯನ್ನು ಸೋಪು ನೀರಿನಿಂದ ತೊಳೆಯಿರಿ. ವಾಂತಿ ಮಾಡಿಸಬೇಡಿ. ಔಷಧಿಯ ಡಬ್ಬಿಯ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಕುಡಿತ ನಿಲ್ಲಿಸಿದಾಗ

ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ಬಿಟ್ಟರೆ ಮೊದಲ 2 ದಿನಗಳಲ್ಲಿ ಸೆಳವು ಬರಬಹುದು. 2ರಿಂದ 4ನೇ ದಿನದಲ್ಲಿ ಕೈನಡುಕ, ಬೆವರು ಹೆಚ್ಚಿ, ಇಲ್ಲದ ಹುಳು ಹಾವುಗಳು ಕಾಣಬಹುದು. ಇದು ಪ್ರಾಣಾಪಾಯದ ಸ್ಥಿತಿ. ಆದ್ದರಿಂದ ಇಂಥವರು ವೈದ್ಯರ ಸಲಹೆ ಪಡೆದೇ ಕುಡಿತ ಬಿಡಬೇಕು.

ಬದುಕು ಬೇಡವೆಂದಾಗ

ಸಾಲ, ಬೆಳೆನಷ್ಟ, ಮನೆಯ ಕಲಹಗಳಿಂದ ಕುಗ್ಗಿದವರು "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ" ಎಂದರೆ, ಹೆದರಿಸುವ ಮಾತೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ. ಒಂಟಿಯಾಗಿ ಬಿಡಬೇಡಿ. ಕೀಟನಾಶಕಗಳನ್ನು ಬೀಗ ಹಾಕಿಡಿ, ಬೀಗದ ಕೈ ಬೇರೆಯವರ ಬಳಿ ಇರಲಿ. ಅನಾಹುತ ನಡೆದೇ ಹೋದರೆ ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಇಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ.

ನೆನಪಿಡಿ

1. ರೋಗಿಯನ್ನು ಕಟ್ಟಿಹಾಕಬೇಡಿ, ಹೊಡೆಯಬೇಡಿ. ಒಬ್ಬರೇ ಮೆಲ್ಲಗೆ ಮಾತನಾಡಿಸಿ.
2. ಕುಡುಗೋಲು, ಮಚ್ಚುಗಳನ್ನು ದೂರವಿಡಿ.
3. ಪೂರ್ಣ ಎಚ್ಚರವಿಲ್ಲದವರ ಬಾಯಿಗೆ ನೀರನ್ನೂ ಹಾಕಬೇಡಿ.
4. ಕೂಡಲೇ 108 ಆಂಬ್ಯುಲೆನ್ಸ್ ಕರೆಸಿ.

ಮನಸ್ಸಿನ ತೊಂದರೆಗೆ ಸಲಹೆ ಬೇಕಾದಾಗ 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಈ ಎರಡು ಸಂಖ್ಯೆಗಳನ್ನು ಇಂದೇ ಮನೆಯ ಗೋಡೆಯ ಮೇಲೆ ಬರೆದಿಡಿ.