ಬುಧವಾರದ ನೊವೆನಾ

ಬುಧವಾರದ ದಿನ ಮುಂಬಯಿಯ ಮಾಹೀಮ್ ಸ್ಟೇಷನ್ನಿನಲ್ಲಿ ಇಳಿದವರಿಗೆ, ಹೂವು ಮೇಣದ ಬತ್ತಿಗಳನ್ನು ಹಿಡಿದು ಸಂತ ಮಿಕಾಯೆಲರ ಇಗರ್ಜಿಯ ಕಡೆಗೆ ಸಾಗುವ ಜನ ಕಾಣದೆ ಇರಲಾರರು. ಅವರೆಲ್ಲರೂ ಕ್ರೈಸ್ತರಲ್ಲ, ಹಿಂದೂಗಳೂ ಇತರರೂ ಬಹಳ ಮಂದಿ. ನಮ್ಮ ವಾಚನಾಲಯಕ್ಕೆ ಬರುವ ಸ್ನೇಹಿತರೊಬ್ಬರು ಆರು ಬುಧವಾರ ತಪ್ಪದೆ ಹೋಗಿದ್ದರು. ಏಳನೆಯ ವಾರ ಪಾಳಿ ಬದಲಾಗಿ ಹೋಗಲಾಗಲಿಲ್ಲ. “ಎಲ್ಲಾ ವ್ಯರ್ಥವಾಯಿತಲ್ಲ, ಪುನಃ ಒಂದರಿಂದ ಎಣಿಸಬೇಕೇನು?” ಎಂದು ನನ್ನನ್ನು ಕೇಳಿದರು. ನಾನು ಆ ಮತದವನೆಂದು ಕೇಳಿದ್ದು. ಆ ದಿನ ನಾನು ಕೊಟ್ಟ ಉತ್ತರ ಅರ್ಧಂಬರ್ಧವಾಗಿತ್ತು. ಉಳಿದುದನ್ನು ಇಲ್ಲಿ ಬರೆಯುತ್ತೇನೆ.

ನೊವೆನಾ ಎಂಬ ಮಾತು ಒಂಬತ್ತು ಎಂಬರ್ಥದ ಲ್ಯಾಟಿನ್ ಪದದಿಂದ ಬಂದುದು. ಯೇಸುಸ್ವಾಮಿ ಸ್ವರ್ಗಕ್ಕೆ ಏರಿಹೋದ ಮೇಲೆ, ಪವಿತ್ರಾತ್ಮರು ಇಳಿದು ಬರುವ ತನಕ, ಶಿಷ್ಯರು ಮಾತೆ ಮರಿಯಮ್ಮನವರೊಡನೆ ಜೆರುಸಲೇಮಿನ ಒಂದು ಮಾಳಿಗೆಯ ಕೋಣೆಯಲ್ಲಿ ಪ್ರಾರ್ಥನೆಯಲ್ಲಿ ಕಾದಿದ್ದರು. ನಡುವೆ ಬೀಳುವ ದಿನಗಳು ಒಂಬತ್ತು. ಮುಂದೇನಾಗುವುದೆಂದು ತಿಳಿಯದೆ ಒಟ್ಟಾಗಿ ಕುಳಿತು ಕಾದ ದಿನಗಳವು. ಕಾಯುವ ಆ ಒಂಬತ್ತೇ ನೊವೆನಾದ ಮಾದರಿ.

ಒಂಬತ್ತು ದಿನದ ಪ್ರಾರ್ಥನೆ ಹಳೆಯ ಪದ್ಧತಿ. ವಾರಕ್ಕೊಮ್ಮೆ, ವರ್ಷವಿಡೀ ನಿಲ್ಲದೆ ನಡೆಯುವ ನೊವೆನಾ ಈಚಿನದು. ನಿತ್ಯಾಧಾರ ಮಾತೆಯ ಹೆಸರಿನಲ್ಲಿ ಇದು ಅಮೆರಿಕೆಯ ಸೇಂಟ್ ಲೂಯಿಸ್ ನಗರದಲ್ಲಿ ಆರಂಭವಾಯಿತು. ದಿನವೂ ಇಗರ್ಜಿಗೆ ಬರಲು ಬಿಡುವಿಲ್ಲದ ದುಡಿಮೆಗಾರರಿಗೆ ವಾರಕ್ಕೊಂದು ಸಂಜೆ ಅನುಕೂಲವೇ ಸರಿ. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಇದನ್ನು ಕಂಡು ಬಂದ ಮಾಹೀಮಿನ ಪಾದ್ರಿಗಳು 1948ರ ಸೆಪ್ಟೆಂಬರ್ 8ರಂದು ಇಲ್ಲಿ ಮೊದಲು ನಡೆಸಿದರು. ಅದು ಮರಿಯಮ್ಮನವರ ಜನ್ಮದ ಹಬ್ಬ. ಆ ವರ್ಷ ಬುಧವಾರವೇ ಬಿದ್ದಿತ್ತು. ಅದೇ ವರ್ಷದ ಜೂನ್ 23ರಂದು, ಅದೂ ಬುಧವಾರವೇ, ಫಿಲಿಪೈನ್ಸ್‌ನ ಬಕ್ಲಾರಾನ್‌ನಲ್ಲಿಯೂ ಆರಂಭವಾಗಿತ್ತು. ಕಥೋಲಿಕ ರೂಢಿಯಲ್ಲಿ ಮರಿಯಮ್ಮನವರ ವಾರ ಶನಿವಾರ. ಬುಧವಾರ ಸಂತ ಜೋಸೆಫರದು. ಆದುದರಿಂದ ಬುಧವಾರದಲ್ಲಿ ಗೂಢಾರ್ಥ ಹುಡುಕಬೇಕಾಗಿಲ್ಲ.

ಇನ್ನು ಪೀಠದ ಮೇಲಿರುವ ಚಿತ್ರದ ವಿಷಯ. ನಾವು ನೋಡುವುದು ಪ್ರತಿ; ಮೂಲ ರೋಮಿನಲ್ಲಿದೆ. ಮರದ ಹಲಗೆಯ ಮೇಲೆ ಬರೆದ ಆ ಚಿತ್ರ ಎರಡು ಗೇಣಿಗಿಂತ ಸ್ವಲ್ಪ ಹೆಚ್ಚು ಎತ್ತರ, ಅಷ್ಟೆ. ಒಬ್ಬ ವ್ಯಾಪಾರಿ ಅದನ್ನು ಕ್ರೀಟ್ ದ್ವೀಪದಿಂದ ಕದ್ದು ತಂದನೆಂಬುದು ಐತಿಹ್ಯ. 1499ರಿಂದ ಸಂತ ಮತ್ತಾಯರ ಇಗರ್ಜಿಯಲ್ಲಿತ್ತು. 1798ರಲ್ಲಿ ಫ್ರೆಂಚರು ಆ ಇಗರ್ಜಿಯನ್ನು ಕೆಡವಿದರು. ಸಂನ್ಯಾಸಿಗಳು ಚಿತ್ರವನ್ನು ಉಳಿಸಿ ಬೇರೆಡೆಗೆ ಒಯ್ದರಾದರೂ ಕಾಲಕ್ರಮದಲ್ಲಿ ಅದು ಜನರ ನೆನಪಿನಿಂದ ಅಳಿಯಿತು. ಒಬ್ಬ ಮುದಿ ಸಂನ್ಯಾಸಿ ಮಾತ್ರ, ಕಣ್ಣು ಮಂಜಾಗಿದ್ದರೂ, ಪೂಜೆಗೆ ನೆರವಾಗುತ್ತಿದ್ದ ಮಿಕೆಲೆ ಮಾರ್ಕಿ ಎಂಬ ಹುಡುಗನಿಗೆ ಮತ್ತೆ ಮತ್ತೆ ಹೇಳುತ್ತಿದ್ದರಂತೆ: ಮತ್ತಾಯರ ಇಗರ್ಜಿಯಲ್ಲಿದ್ದುದು ಇದೇ ಚಿತ್ರ, ಮರೆಯಬೇಡ ಎಂದು. ಹುಡುಗ ಬೆಳೆದು ರಿಡೆಂಪ್ಟೊರಿಸ್ಟ್ ಸಭೆಯ ಪಾದ್ರಿಯಾದನು. ಆ ಸಭೆಯವರು ಕೊಂಡಿದ್ದ ನಿವೇಶನ ಮತ್ತಾಯರ ಇಗರ್ಜಿ ಇದ್ದ ಸ್ಥಳವೇ ಎಂದು ತಿಳಿದುಬಂದಾಗ, ಚಿತ್ರ ಎಲ್ಲಿದೆಯೆಂದು ಹೇಳಬಲ್ಲವನು ಅವನೊಬ್ಬನೇ. ಒಂಬತ್ತನೆಯ ಪಿಯುಸ್ ಪೋಪರ ಅಪ್ಪಣೆಯಂತೆ 1866ರ ಏಪ್ರಿಲ್ 26ರಂದು ಚಿತ್ರ ಅಲ್ಲಿಗೇ ಮರಳಿತು. ಒಬ್ಬ ಮುದುಕರ ಹಟ ಇಲ್ಲದಿದ್ದರೆ ಮಾಹೀಮಿನಲ್ಲಿ ಈ ಜನಸಂದಣಿ ಇರುತ್ತಿತ್ತೋ ಇಲ್ಲವೋ!

ಚಿತ್ರದ ಬಾಲಯೇಸು ತಾಯಿಯ ಕಡೆಗೆ ನೋಡುತ್ತಿಲ್ಲ. ಮೇಲೆ ಇಬ್ಬರು ದೇವದೂತರಿದ್ದಾರೆ. ಮಿಕಾಯೆಲರ ಕೈಯಲ್ಲಿ ಭರ್ಚಿ ಮತ್ತು ಹುಳಿರಸದ ಸ್ಪಂಜು. ಗಬ್ರಿಯೇಲರ ಕೈಯಲ್ಲಿ ಶಿಲುಬೆ, ಮೊಳೆಗಳು. ಮುಂದೆ ತನಗೆ ಬರಲಿರುವ ಯಾತನೆಯನ್ನು ಕಂಡು ಮಗು ಬೆದರಿ ತಾಯಿಯ ಬಳಿಗೆ ಓಡಿಬಂದಿದೆ. ಓಡಿದ ರಭಸಕ್ಕೆ ಒಂದು ಪಾದರಕ್ಷೆ ಕಳಚಿ ದಾರದಲ್ಲಿ ನೇತಾಡುತ್ತಿದೆ. ಮಗುವಿನ ಎರಡೂ ಕೈಗಳು ತಾಯಿಯ ಬಲಗೈಯನ್ನು ಹಿಡಿದಿವೆ. ತಾಯಿ ಶಿಲುಬೆಯನ್ನು ದೂರ ತಳ್ಳುತ್ತಿಲ್ಲ, ಅದು ಅವಳಿಂದಾಗುವ ಕೆಲಸವೂ ಅಲ್ಲ, ಕೈ ಕೊಟ್ಟಿದ್ದಾಳೆ. ನಿತ್ಯಾಧಾರ ಎಂಬ ಹೆಸರಿಗೆ ಇದೇ ಅರ್ಥವೆಂದು ನನ್ನ ತಿಳಿವಳಿಕೆ.

ನಮ್ಮ ಮತದಲ್ಲಿ ಆರಾಧನೆ ದೇವರಿಗೊಬ್ಬರಿಗೇ ಸಲ್ಲುತ್ತದೆ. ಮರಿಯಮ್ಮನವರನ್ನು ಕೇಳುವುದು ‘ನಮಗಾಗಿ ಬೇಡಿಕೊಳ್ಳಿ’ ಎಂದು. ನೊವೆನಾದಲ್ಲಿ ಜನರು ಬರೆದುಕೊಟ್ಟ ಕೋರಿಕೆಗಳನ್ನೂ ಕೃತಜ್ಞತೆಯ ಪತ್ರಗಳನ್ನೂ ಓದುವುದುಂಟು. ಕೆಲಸ, ಕಾಯಿಲೆ, ಮದುವೆ, ಬಾಡಿಗೆಯ ಖೋಲಿ, ಪರೀಕ್ಷೆ! ಇನ್ನೊಬ್ಬರ ಕಷ್ಟ ಕಿವಿಗೆ ಬಿದ್ದಾಗ ನಮ್ಮ ಚೀಟಿ ತುಸು ಚಿಕ್ಕದಾಗಿ ತೋರುತ್ತದೆ.

ಒಂಬತ್ತು ವಾರ ಕೊಟ್ಟರೆ ಇಷ್ಟು ಸಿಕ್ಕೀತು ಎಂಬ ಲೆಕ್ಕ ಧರ್ಮಸಭೆಯ ಬೋಧನೆಯಲ್ಲ. ಒಂಬತ್ತು ಪ್ರತಿ ಬರೆದು ಹಂಚದಿದ್ದರೆ ಕೇಡಾಗುವುದೆಂದು ಬೆದರಿಸುವ ಕಾಗದಗಳನ್ನು ಧಾರಾಳವಾಗಿ ಹರಿದು ಹಾಕಬಹುದು. ಪಾಳಿ ತಪ್ಪಿಸಿದರೆ ಸಂಬಳ ಕಡಿಯುವ ಗುಮಾಸ್ತರ ಪುಸ್ತಕ ಅಲ್ಲಿಲ್ಲ. ಇದನ್ನು ದಿನವೂ ಅಂಥ ಪುಸ್ತಕ ಬರೆಯುವ ನಾನೇ ಹೇಳುತ್ತಿದ್ದೇನೆ!

ಬೆಳಗಿನಿಂದ ರಾತ್ರಿಯವರೆಗೆ ಹಲವು ಬಾರಿ, ಬೇರೆ ಬೇರೆ ಭಾಷೆಗಳಲ್ಲಿ ನೊವೆನಾ ನಡೆಯುವುದರಿಂದ ಪಾಳಿ ಯಾವುದಾದರೂ ಒಂದು ಹೊತ್ತು ಸಿಕ್ಕಿಯೇ ಸಿಗುತ್ತದೆ. ನಮ್ಮ ಸ್ನೇಹಿತರು ಬರುವ ಬುಧವಾರವನ್ನು ಏಳನೆಯದೆಂದೇ ಎಣಿಸಿಕೊಳ್ಳಲಿ.