ಉಪ್ಪುನೀರಿನ ಮೀನುತೊಟ್ಟಿಗೆ ಯಾವ ಅಂಟು ಲೇಸು?

ನಮ್ಮ ಘಾಜಿಯಾಬಾದಿಗೆ ಹಿಂಡನ್ ನದಿಯುಂಟು, ಕಡಲಿಲ್ಲ. ಅದು ಇಲ್ಲಿಂದ ನೂರಾರು ಮೈಲಿ ದೂರ. ಕಾರವಾರ, ಉಡುಪಿ, ಮಂಗಳೂರುಗಳಿಂದ ಬಂದ ಮನೆಗಳ ಮಕ್ಕಳಲ್ಲಿಯೂ ಎಷ್ಟೋ ಮಂದಿ ಕಡಲನ್ನು ಪಟದಲ್ಲಿ ಮಾತ್ರವೇ ಕಂಡವರು. ಆದುದರಿಂದ ಕಳೆದ ವರ್ಷ ನಾವು ಉಪ್ಪುನೀರಿನ ಚಿಕ್ಕ ಮೀನುತೊಟ್ಟಿಯೊಂದನ್ನು ಶಾಲೆಯಲ್ಲಿ ಇರಿಸಿದೆವು. ಎರಡು ತಿಂಗಳು ಎಲ್ಲವೂ ಸುಖವಾಗಿತ್ತು. ಒಂದು ದಿನ ಕೊಳವೆಯ ಸಂದು ಒಸರತೊಡಗಿತು. ಸ್ನಾನದ ಮನೆಗೆಂದು ತಂದು ಉಳಿದಿದ್ದ ಸಿಲಿಕೋನ್ ಲೇಪವನ್ನು ಅವಸರದಿಂದ ಮೆತ್ತಿ, ಬಕೆಟ್ಟಿನಲ್ಲಿರಿಸಿದ್ದ ಮೀನುಗಳನ್ನು ಮರುದಿನವೇ ತೊಟ್ಟಿಗೆ ಬಿಟ್ಟೆವು. ಮೂರನೆಯ ದಿನ ಮೀನುಗಳೆರಡೂ, ಸಿಗಡಿಯೂ ಸತ್ತಿದ್ದುವು. ಟ್ಯೂಬಿನ ಮೇಲೆ ‘ಬೂಷ್ಟು ನಿರೋಧಕ’ ಎಂದು ಅಚ್ಚಾಗಿದ್ದುದನ್ನು ನಾವು ಓದಿದ್ದು ಆ ಬಳಿಕ. “ಮೊದಲೇ ಓದಿ ನೋಡಲಿಲ್ಲವೆ, ಮೇಷ್ಟ್ರೆ?” ಎಂದು ಐದನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನವೇ ಆಕೆಗೆ ನಮ್ಮ ಉತ್ತರ.

ಕಡಲಿನ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಕಡಲು ಅಪಾರವಾದುದು, ಅಲ್ಲಿ ಬಿದ್ದ ತೊಟ್ಟು ವಿಷ ಕರಗಿ ಹಂಚಿಹೋದೀತು. ತೊಟ್ಟಿಯಲ್ಲಾದರೋ ಅದೇ ನೀರು ಪಂಪಿನ ಮೂಲಕ ಹಗಲಿರುಳು ಸುತ್ತುತ್ತದೆ. ಮೀನು ಕಿವಿರುಗಳಿಂದ ಉಸಿರಾಡುವುದರಿಂದ ನೀರಿನಲ್ಲಿ ಕರಗಿದ ವಿಷವು ಸುಲಭವಾಗಿ ಅದರ ರಕ್ತಕ್ಕೆ ಸೇರುತ್ತದೆ. ತಾಮ್ರದ ಅತ್ಯಲ್ಪ ಅಂಶವೂ ಸಿಗಡಿ, ಹವಳಗಳಿಗೆ ಮೃತ್ಯುವೇ ಸರಿ. ಉಪ್ಪುನೀರು ಲೋಹವನ್ನು ತಿನ್ನುತ್ತದೆ. ಆದುದರಿಂದ ಹಿತ್ತಾಳೆಯ ನಲ್ಲಿ, ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆ ಇವು ಸಲ್ಲವು. ಪಿವಿಸಿ ಕೊಳವೆಯೇ ಯೋಗ್ಯ.

ಇನ್ನು ಅಂಟಿನ ವಿಚಾರ. ಎಲ್ಲ ಸಂದಿಗೂ ಒಂದೇ ಅಂಟು ಎಂಬುದು ತಪ್ಪು ತಿಳಿವಳಿಕೆ.

ಮೊದಲನೆಯದು, ಗಾಜಿಗೆ ಗಾಜು. ಇದಕ್ಕೆ ಸಿಲಿಕೋನ್ ಉತ್ತಮ. ಬೂಷ್ಟನ್ನು ಕೊಲ್ಲುವ ಔಷಧ ಬೆರೆಸದ, ಮೀನುತೊಟ್ಟಿಗೆ ತಕ್ಕದ್ದೆಂದು ನಮೂದಿಸಿದ ಸಿಲಿಕೋನನ್ನೇ ಕೊಳ್ಳತಕ್ಕದ್ದು. ಬೂಷ್ಟನ್ನು ಕೊಲ್ಲುವ ಔಷಧವು ಮೀನಿಗೂ ವಿಷವಾಗಬಲ್ಲುದು. ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವು ಹೊರಬಂದು ವಿನಿಗರಿನ ವಾಸನೆ ಹರಡುತ್ತದೆ. ಗಾಳಿಯ ತೇವವೇ ಅದನ್ನು ಗಟ್ಟಿಮಾಡುವುದು. ಅದೂ ಹೊರಗಿನಿಂದ ಒಳಕ್ಕೆ, ದಿನಕ್ಕೆ ಎರಡು ಮೂರು ಮಿಲಿಮೀಟರಿನಂತೆ. ನಮ್ಮೂರಿನ ಜ್ಯೇಷ್ಠದ ಒಣ ಬಿಸಿಗಾಳಿಯಲ್ಲಿಯೂ ಜನವರಿಯ ಚಳಿಯಲ್ಲಿಯೂ ಈ ಕೆಲಸ ನಿಧಾನ. ಒಂದು ವಾರ ಕಾಯುವುದು ಲೇಸು. ವಾಸನೆ ಪೂರ್ತಿ ಅಡಗುವವರೆಗೆ ಮೀನು ಬಿಡಕೂಡದು. ಹಳೆಯ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯದು. ಹಳೆಯದನ್ನು ಕೆರೆದು ತೆಗೆಯಬೇಕು.

ಎರಡನೆಯದು, ಪಿವಿಸಿಗೆ ಪಿವಿಸಿ. ಇಲ್ಲಿ ಸಿಲಿಕೋನ್ ಭದ್ರವಾಗಿ ಹಿಡಿಯದು. ಸಾಲ್ವೆಂಟ್ ಸಿಮೆಂಟೇ ಬೇಕು. ಹೆಸರು ಸಿಮೆಂಟೆಂದಿದ್ದರೂ ಇದು ಗಾರೆಯಲ್ಲ. ಪ್ಲಾಸ್ಟಿಕ್ಕಿನ ಮೇಲ್ಮೈಯನ್ನು ಕರಗಿಸಿ ಎರಡನ್ನೂ ಒಂದಾಗಿಸುತ್ತದೆ, ದ್ರಾವಕವು ಆರಿಹೋಗುತ್ತದೆ. ಕೊಳವೆಯನ್ನು ಒರಸಿ ಒಣಗಿಸಿ, ಎರಡು ಕಡೆಗೂ ತೆಳುವಾಗಿ ಹಚ್ಚಿ, ಒಳಕ್ಕೆ ಒತ್ತುತ್ತ ಕಾಲುಸುತ್ತು ತಿರುಗಿಸಿ, ಅರ್ಧ ನಿಮಿಷ ಹಿಡಿದಿರಬೇಕು. ನೀರು ಹರಿಸುವ ಮೊದಲು ಒಂದು ಹಗಲು ಒಂದು ರಾತ್ರಿ ಬಿಡಬೇಕು. ಇದರ ಆವಿ ಸುಲಭವಾಗಿ ಹೊತ್ತಿಕೊಳ್ಳುವಂಥದು. ಕಿಟಕಿ ತೆರೆದು, ಹಿರಿಯರ ಎದುರಿನಲ್ಲಿಯೇ, ಬೆಂಕಿಯಿಂದ ದೂರದಲ್ಲಿ ಈ ಕೆಲಸ ನಡೆಯತಕ್ಕದ್ದು.

ಮೂರನೆಯದು, ತಿರುಪಿನ ಸಂದು. ಇಲ್ಲಿಯ ನಲ್ಲಿ ಕೆಲಸದವರು ನೂಲು ಸುತ್ತಿ ‘ಸಫೇದಾ’ ಎಂಬ ಬಿಳಿಯ ಲೇಪವನ್ನು ಹಚ್ಚುವುದುಂಟು. ಅದರಲ್ಲಿ ಏನೇನು ಬೆರೆತಿದೆಯೆಂದು ಅರಿಯದೆ ಮೀನಿನ ತೊಟ್ಟಿಗೆ ಬಳಸಬಾರದು. ಬಿಳಿಯ ಟೆಫ್ಲಾನ್ ಪಟ್ಟಿಯನ್ನು ತಿರುಪಿನ ದಿಕ್ಕಿನಲ್ಲಿಯೇ ಮೂರು ನಾಲ್ಕು ಸುತ್ತು ಸುತ್ತಿದರೆ ಸಾಕು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬವರು ಆಕಸ್ಮಿಕವಾಗಿ ಕಂಡ ಈ ವಸ್ತುವು ಉಪ್ಪಿಗೂ ಆಮ್ಲಕ್ಕೂ ಜಗ್ಗದು.

ಕಲ್ಲು, ಹವಳಗಳನ್ನು ನಿಲ್ಲಿಸಲು ಎರಡು ಭಾಗಗಳನ್ನು ಕಲಸುವ ಎಪಾಕ್ಸಿಯುಂಟು. ಎರಡನ್ನೂ ಹೇಳಿದ ಪ್ರಮಾಣದಲ್ಲಿಯೇ ಸೇರಿಸಬೇಕು. ಒಂದು ಹೆಚ್ಚಾದರೆ ಗಟ್ಟಿಯಾಗದೆ ಉಳಿದ ಭಾಗವು ನೀರಿಗೆ ಇಳಿಯುತ್ತದೆ.

ಸಂದು ಮುಚ್ಚುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಕರಾವಳಿಯವರು ದೋಣಿಯ ಹಲಗೆಗಳ ಸೀಳಿಗೆ ಹತ್ತಿ ತುಂಬಿ, ಎಣ್ಣೆಯಲ್ಲಿ ಕಲಸಿದ ರಾಳವನ್ನು ಮೆತ್ತುತ್ತಿದ್ದರು. ಬಳಿಕ ಒಣಗಲು ಬಿಡುತ್ತಿದ್ದರು. ಹಸಿಯ ದೋಣಿಯನ್ನು ಕಡಲಿಗಿಳಿಸುತ್ತಿರಲಿಲ್ಲ. ಕಾಯುವ ತಾಳ್ಮೆ ಅವರಿಗಿತ್ತು, ನಮಗಿರಲಿಲ್ಲ.

ಕೊನೆಯದಾಗಿ ಪರೀಕ್ಷೆ. ಅಂಟು ಪೂರ್ತಿ ಆರಿದ ಮೇಲೆ ತೊಟ್ಟಿಗೆ ಸಿಹಿನೀರು ತುಂಬಿ ಎರಡು ದಿನ ಪಂಪು ನಡೆಸಿ, ಆ ನೀರನ್ನು ಚೆಲ್ಲಿಬಿಡಬೇಕು. ಸೋರಿಕೆಯಿದ್ದರೆ ಆಗಲೇ ತಿಳಿಯುತ್ತದೆ. ಉಳಿದ ಕಶ್ಮಲವೂ ತೊಳೆದುಹೋಗುತ್ತದೆ. ಆ ಬಳಿಕವೇ ಉಪ್ಪುನೀರು. ಮುಂದೆ ಯಾವುದಾದರೂ ಸಂದಿನಲ್ಲಿ ಬಿಳಿಯ ಉಪ್ಪಿನ ಹರಳು ಕಂಡರೆ, ಕಣ್ಣಿಗೆ ಕಾಣದ ಸೋರಿಕೆ ಅಲ್ಲಿದೆಯೆಂದು ತಿಳಿಯಿರಿ. ವಿದ್ಯುತ್ತಿನ ತಂತಿಯನ್ನು ಕೆಳಗೆ ಇಳಿಬಿಟ್ಟು ಮೇಲಕ್ಕೆ ಒಯ್ದು ಪ್ಲಗ್ಗಿಗೆ ಸೇರಿಸಿದರೆ, ಹನಿಯು ತಂತಿಯಗುಂಟ ಪ್ಲಗ್ಗನ್ನು ಸೇರದು.

ಬಾಲಕ ಬಾಲಕಿಯರೆ, ನಮ್ಮ ತೊಟ್ಟಿಯಲ್ಲಿ ಈಗ ಸಿಹಿನೀರು ಮಾತ್ರ ಸುತ್ತುತ್ತಿದೆ. ಈ ಬಾರಿ ಟ್ಯೂಬಿನ ಮೇಲಿನ ಬರಹವನ್ನು ಆ ಹುಡುಗಿಯೇ ಗಟ್ಟಿಯಾಗಿ ಓದಿದಳು. ನಾವು ಕೇಳಿ, ಆ ಬಳಿಕ ಅಂಟು ಹಚ್ಚಿದೆವು. ಮೂಕ ಜೀವಿಯನ್ನು ಗಾಜಿನೊಳಗೆ ತಂದಿರಿಸಿದ ಮೇಲೆ, ಅದು ಉಸಿರಾಡುವ ನೀರಿಗೆ ನಾವೇ ಹೊಣೆ.