ಪರದೆಯ ಮೇಲಿನ ಅಂಕಿ ಯಾವ ಹೊತ್ತಿನದು?

ಕ್ಲೌಡ್ ಡೇಟಾಬೇಸನ್ನು ಪವರ್ ಬಿಐಗೋ ಟ್ಯಾಬ್ಲೋಗೋ ಜೋಡಿಸಿದ ಮರುದಿನವೇ ಆಫೀಸಿನಲ್ಲಿ ಒಂದು ಮಾತು ಹಬ್ಬುತ್ತದೆ: ‘ಇನ್ನು ಎಲ್ಲಾ ಲೈವ್.’ ಈ ನಂಬಿಕೆಯಷ್ಟು ನನ್ನ ತಾಳ್ಮೆ ಕೆಡಿಸುವುದು ಬೇರೊಂದಿಲ್ಲ. ಡೇಟಾಬೇಸ್ ಕ್ಲೌಡ್‌ನಲ್ಲಿದೆ, ರಿಪೋರ್ಟೂ ಕ್ಲೌಡ್‌ನಲ್ಲಿದೆ, ನಡುವೆ ಕನೆಕ್ಷನ್ ಇದೆ, ಆದ್ದರಿಂದ ಪರದೆಯಲ್ಲಿ ಕಾಣುವುದು ಈ ಕ್ಷಣದ ಅಂಕಿ ಎಂಬ ತರ್ಕ. ಮೊದಲ ಮೂರು ಮಾತು ನಿಜ. ನಾಲ್ಕನೆಯದು ಬಹುಪಾಲು ಕಡೆ ಸುಳ್ಳು, ಆ ಸುಳ್ಳಿನ ಮೇಲೆ ಸ್ಟಾಕ್ ತರಿಸುವ, ಸಾಲ ಕೊಡುವ, ಗುರಿ ನಿಗದಿ ಮಾಡುವ ತೀರ್ಮಾನಗಳು ನಡೆಯುತ್ತಿವೆ.

ಪವರ್ ಬಿಐ ಡೇಟಾ ತರುವ ಮಾಮೂಲು ದಾರಿ ಇಂಪೋರ್ಟ್. ಟೇಬಲ್‌ಗಳ ನಕಲು ತೆಗೆದು, ಅದನ್ನು ಒತ್ತಿ ಚಿಕ್ಕದು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಗ್ರಾಫ್ ಬಿಡಿಸುವುದು ಆ ನಕಲಿನಿಂದ. ಟ್ಯಾಬ್ಲೋದಲ್ಲಿ ಇದನ್ನೇ ಎಕ್ಸ್‌ಟ್ರಾಕ್ಟ್ ಎನ್ನುತ್ತಾರೆ. ಕೆರೆಗೆ ಮಳೆ ಬಿದ್ದ ಮಾತ್ರಕ್ಕೆ ಮನೆಯಲ್ಲಿ ತುಂಬಿಟ್ಟ ಕೊಡದ ನೀರು ಏರುವುದಿಲ್ಲ, ಮತ್ತೆ ಹೋಗಿ ತರಬೇಕು. ಹಾಗೆ ಮತ್ತೆ ತರುವ ಕೆಲಸವೇ ಶೆಡ್ಯೂಲ್ಡ್ ರಿಫ್ರೆಶ್. ಪ್ರೊ ಲೈಸೆನ್ಸ್‌ನಲ್ಲಿ ಅದಕ್ಕೆ ದಿನಕ್ಕೆ 8 ಸಲದ ಮಿತಿ, ಪ್ರೀಮಿಯಂನಲ್ಲಿ 48. ಎಂಟನ್ನೂ ಸಮವಾಗಿ ಹಂಚಿದರೂ ಮೂರು ಗಂಟೆಗೊಮ್ಮೆ ಆಯಿತು. ಬೆಳಗ್ಗೆ 9ಕ್ಕೆ ತಂದ ಅಂಕಿಯನ್ನು 11:45ಕ್ಕೆ ಮೀಟಿಂಗ್‌ನಲ್ಲಿ ತೋರಿಸಿ ‘ಇದೀಗ ಇಷ್ಟು ಮಾರಾಟವಾಗಿದೆ’ ಎನ್ನುವುದು ತಪ್ಪು ಹೇಳಿಕೆ. ಸಾಫ್ಟ್‌ವೇರ್ ಹಾಗೆ ಎಲ್ಲಿಯೂ ಹೇಳಿಲ್ಲ, ನಾವೇ ಹೇಳಿಕೊಂಡದ್ದು.

ರಿಫ್ರೆಶ್ ಕೈಕೊಟ್ಟಾಗ ಸ್ಥಿತಿ ಇನ್ನೂ ಕೆಡುತ್ತದೆ. ಯಾರೋ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿರುತ್ತಾರೆ, ಇಲ್ಲವೇ ಒಂದು ಕಾಲಮ್ಮಿನ ಹೆಸರು ತಿದ್ದಿರುತ್ತಾರೆ. ಅಷ್ಟಕ್ಕೇ ರಿಫ್ರೆಶ್ ಫೇಲ್. ಆದರೆ ರಿಪೋರ್ಟ್ ಖಾಲಿಯಾಗುವುದಿಲ್ಲ, ಗ್ರಾಫ್ ಮಾಯವಾಗುವುದಿಲ್ಲ. ಹಳೆಯ ನಕಲನ್ನೇ ಮೊದಲಿನಷ್ಟೇ ಚೆಂದವಾಗಿ ತೋರಿಸುತ್ತಿರುತ್ತದೆ. ಸತತ ನಾಲ್ಕು ಸಲ ಫೇಲ್ ಆದರೆ ಪವರ್ ಬಿಐ ಆ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ. ಬೇರೆ ಏರ್ಪಾಡು ಮಾಡದಿದ್ದರೆ ಎಚ್ಚರಿಕೆಯ ಇಮೇಲ್ ಹೋಗುವುದು ಅದರ ಮಾಲೀಕರೆಂದು ನಮೂದಾದವರಿಗೆ ಮಾತ್ರ. ಅವರು ಕೆಲಸ ಬಿಟ್ಟು ಹೋಗಿದ್ದರೆ ಆ ಇಮೇಲ್ ಓದುವವರು ಯಾರೂ ಇಲ್ಲ. ದಿನವೂ ರಿಪೋರ್ಟ್ ನೋಡುವ ಐವತ್ತು ಜನರಿಗೆ ಏನೂ ಗೊತ್ತಾಗುವುದಿಲ್ಲ.

ಇಷ್ಟು ವಿವರಿಸಿದ ಕೂಡಲೇ ಬರುವ ಉತ್ತರವೂ ನನಗೆ ಗೊತ್ತು: ‘ಹಾಗಾದರೆ ಎಲ್ಲವನ್ನೂ ಡೈರೆಕ್ಟ್‌ಕ್ವೆರಿಗೆ ಹಾಕಿಬಿಡಿ.’ ಡೈರೆಕ್ಟ್‌ಕ್ವೆರಿ ನಕಲು ಇಟ್ಟುಕೊಳ್ಳುವುದಿಲ್ಲ, ನಿಜ. ಪ್ರತಿ ಸಲ ಡೇಟಾಬೇಸನ್ನೇ ಕೇಳುತ್ತದೆ. ಆದರೆ ಕೇಳುವ ರೀತಿ ನೋಡಿ. ಪುಟದಲ್ಲಿರುವ ಒಂದೊಂದು ಚಿತ್ರಕ್ಕೂ ಕನಿಷ್ಠ ಒಂದು ಕ್ವೆರಿ. ಹನ್ನೆರಡು ಚಿತ್ರಗಳ ಪುಟವನ್ನು ಐವತ್ತು ಜನ ತೆರೆದರೆ 600 ಕ್ವೆರಿ. ಯಾರಾದರೂ ಜಿಲ್ಲೆಯ ಫಿಲ್ಟರ್ ಒತ್ತಿದರೆ ಮತ್ತೊಂದು ಸುತ್ತು. ಅವು ಹೋಗಿ ಬೀಳುವುದು ಬಿಲ್ ಬರೆಯುತ್ತಿರುವ ಅದೇ ಡೇಟಾಬೇಸಿನ ಮೇಲೆ. ವ್ಯವಹಾರಕ್ಕೆಂದು ಕಟ್ಟಿದ ಡೇಟಾಬೇಸ್ ಒಂದು ಬಿಲ್ಲನ್ನು ಸಾಲುಸಾಲಾಗಿ, ಎಲ್ಲ ವಿವರಗಳೊಂದಿಗೆ ಒಂದೇ ಕಡೆ ಇಡುತ್ತದೆ. ಒಂದು ಬಿಲ್ ಹುಡುಕಲು ಅದು ಬಲು ಚುರುಕು. ಮೂರು ವರ್ಷದ ಮೊತ್ತದ ಕಾಲಂ ಒಂದನ್ನೇ ಕೂಡಿಸು ಎಂದರೆ ಬೇಡದ ವಿವರಗಳನ್ನೂ ಓದುತ್ತಾ ಹೋಗಬೇಕಾಗುತ್ತದೆ. ರೆಡ್‌ಶಿಫ್ಟ್, ಸ್ನೋಫ್ಲೇಕ್, ಬಿಗ್‌ಕ್ವೆರಿಯಂಥ, ವಿಶ್ಲೇಷಣೆಗೆಂದೇ ಕಟ್ಟಿದ ವೇರ್‌ಹೌಸ್‌ಗಳು ಡೇಟಾವನ್ನು ಕಾಲಂವಾರು ಇಡುವುದು ಇದೇ ಕಾರಣಕ್ಕೆ. ಮೇಲಧಿಕಾರಿಗಳು ಡ್ಯಾಶ್‌ಬೋರ್ಡ್ ತೆರೆದ ಹೊತ್ತಿಗೆ ಸರಿಯಾಗಿ ಕೌಂಟರಿನಲ್ಲಿ ಬಿಲ್ ತಡವಾಗತೊಡಗಿದರೆ ನೆಟ್‌ವರ್ಕ್ ಅನ್ನು ಬೈಯುವ ಮೊದಲು ಇಲ್ಲಿ ನೋಡಿ.

ಓದುವುದಕ್ಕೆಂದೇ ಡೇಟಾಬೇಸಿನ ಇನ್ನೊಂದು ಪ್ರತಿ, ಅಂದರೆ ರೀಡ್ ರೆಪ್ಲಿಕಾ, ಇಟ್ಟರೆ ಈ ಹೊರೆ ಇಳಿಯುತ್ತದೆ, ನಾನು ಖಂಡಿತ ಅದನ್ನೇ ಹೇಳುತ್ತೇನೆ. ಆದರೆ ಅದೂ ಮೂಲದಿಂದ ಹಿಂದೆ ಬೀಳುತ್ತದೆ. ಹೊರೆ ಹೆಚ್ಚಿದ ದಿನ ಆ ಅಂತರವೂ ಹೆಚ್ಚುತ್ತದೆ. ಇನ್ನು ಅನೇಕ ಕಂಪನಿಗಳಲ್ಲಿ ಡೈರೆಕ್ಟ್‌ಕ್ವೆರಿ ಜೋಡಿಸಿರುವುದು ವೇರ್‌ಹೌಸಿಗೆ. ಆ ವೇರ್‌ಹೌಸಿಗೆ ಡೇಟಾ ಬರುವುದು ರಾತ್ರಿ ಒಮ್ಮೆ! ನಿನ್ನೆ ರಾತ್ರಿಯ ಡೇಟಾವನ್ನು ಎಷ್ಟು ನೇರವಾಗಿ ಕೇಳಿದರೂ ಅದು ನಿನ್ನೆ ರಾತ್ರಿಯದೇ.

ನಮ್ಮ ದೇಶದಲ್ಲಿ ಕೂತವರಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ಇದನ್ನು ಯಾರೂ ಗಮನಿಸುವುದಿಲ್ಲ. ಪವರ್ ಬಿಐ ಸರ್ವಿಸ್‌ನಲ್ಲಿ ‘ಟುಡೇ’, ‘ನೌ’ ಫಂಕ್ಷನ್‌ಗಳು ಕೊಡುವುದು ಯುಟಿಸಿ ಸಮಯ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮಲ್ಲಿ ಮಧ್ಯರಾತ್ರಿ ಕಳೆದ ಮೇಲೂ ಬೆಳಗ್ಗೆ 5:30ರವರೆಗೆ ಅದರ ಪಾಲಿಗೆ ಇನ್ನೂ ನಿನ್ನೆಯೇ. ಎಲ್ಲರೂ ಬರುವಷ್ಟರಲ್ಲಿ ಸಿದ್ಧವಿರಲಿ ಎಂದು 4 ಗಂಟೆಗೆ ರಿಫ್ರೆಶ್ ಇಟ್ಟರೆ, ‘ಟುಡೇ’ ಬಳಸಿ ಲೆಕ್ಕ ಹಾಕಿದ ಕಾಲಂ ಮುಂದಿನ ರಿಫ್ರೆಶ್‌ವರೆಗೂ ನಿನ್ನೆಯನ್ನೇ ಇಂದು ಎನ್ನುತ್ತಿರುತ್ತದೆ. ‘ನಿನ್ನೆಯ ವಸೂಲಿ’ ಎಂಬ ಶೀರ್ಷಿಕೆಯ ಕೆಳಗೆ ಮೊನ್ನೆಯದು. ರಿಪೋರ್ಟ್ ಮಾಡಿದವರ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಿರುತ್ತದೆ, ಏಕೆಂದರೆ ಅಲ್ಲಿನ ಗಡಿಯಾರ ಭಾರತದ್ದು.

ಬೇರೆ ನಂಬಿಕೆಗಳೂ ಇವೆ. ಬಿಗ್‌ಕ್ವೆರಿಯಲ್ಲಿ ‘ಲಿಮಿಟ್ 10’ ಹಾಕಿದರೆ ಹಣ ಉಳಿಯುತ್ತದೆ ಎನ್ನುತ್ತಾರೆ. ಸಾಮಾನ್ಯ ಟೇಬಲ್‌ನಲ್ಲಿ ಉಳಿಯುವುದಿಲ್ಲ, ಬಿಲ್ ಬರುವುದು ಕೇಳಿದ ಕಾಲಂಗಳನ್ನು ಪೂರ್ತಿ ಓದಿದ್ದಕ್ಕೆ. ರೋ-ಲೆವೆಲ್ ಸೆಕ್ಯುರಿಟಿ ಹಾಕಿದ್ದೇವೆ, ಯಾರ ಶಾಖೆಯದು ಅವರಿಗಷ್ಟೇ ಕಾಣುತ್ತದೆ ಎನ್ನುತ್ತಾರೆ. ವರ್ಕ್‌ಸ್ಪೇಸ್‌ನಲ್ಲಿ ಅವರನ್ನು ಮೆಂಬರ್ ಅಥವಾ ಕಾಂಟ್ರಿಬ್ಯೂಟರ್ ಮಾಡಿದ್ದರೆ ಎಲ್ಲರದೂ ಕಾಣುತ್ತದೆ. ಅಜೂರ್ ಎಸ್‌ಕ್ಯೂಎಲ್ ಫೈರ್‌ವಾಲ್‌ನಲ್ಲಿ ಅಜೂರ್ ಸೇವೆಗಳಿಗೆ ಅನುಮತಿ ಕೊಡುವ ಗುರುತು ಹಾಕಿದವರು ಅದು ತಮ್ಮ ಸೇವೆಗಳಿಗೆ ಮಾತ್ರ ಎಂದುಕೊಂಡಿರುತ್ತಾರೆ. ಅಜೂರ್ ಬಳಸುವ ಬೇರೆ ಗ್ರಾಹಕರಿಗೂ ಆ ಬಾಗಿಲು ತೆರೆಯುತ್ತದೆ, ಆಮೇಲೆ ಉಳಿಯುವ ಕಾವಲು ಲಾಗಿನ್ ಒಂದೇ.

ನನ್ನನ್ನು ನಿಜವಾಗಿ ಕಂಗೆಡಿಸುವುದು ಸಾಫ್ಟ್‌ವೇರ್ ಅಲ್ಲ. ಕಾಗದದ ಮೇಲೆ ಅಂಕಿ ಬರೆದು ಕೊಟ್ಟರೆ ‘ಯಾವತ್ತಿನದು, ಯಾರು ಕೊಟ್ಟಿದ್ದು’ ಎಂದು ಕೇಳುವ ಜನ, ಅದೇ ಅಂಕಿ ಬಣ್ಣದ ಗ್ರಾಫ್ ಆಗಿ ಬಂದ ಕೂಡಲೇ ಸುಮ್ಮನಾಗಿಬಿಡುತ್ತಾರೆ. ಹಳ್ಳಿಯ ಸಹಕಾರ ಸಂಘದ ವಾರ್ಷಿಕ ವರದಿಯಲ್ಲೂ ಆಸ್ತಿ-ಜವಾಬ್ದಾರಿ ಪಟ್ಟಿಯ ನೆತ್ತಿಯ ಮೇಲೆ ಮಾರ್ಚ್ 31 ಎಂದು ಅಚ್ಚಾಗಿರುತ್ತದೆ. ಕೋಟಿಗಟ್ಟಲೆ ವಹಿವಾಟಿನ ಕಂಪನಿಯ ಡ್ಯಾಶ್‌ಬೋರ್ಡಿನಲ್ಲಿ ಆ ಒಂದು ಸಾಲು ಇರುವುದಿಲ್ಲ. ಎರಡು ವಿಭಾಗದವರು ಎರಡು ರಿಪೋರ್ಟ್ ಹಿಡಿದು ಯಾರ ಲೆಕ್ಕ ತಪ್ಪು ಎಂದು ವಾದಿಸುತ್ತಾರೆ. ಇಬ್ಬರ ಲೆಕ್ಕವೂ ಸರಿ, ಒಂದು ಬೆಳಗಿನ 6 ಗಂಟೆಯದು, ಇನ್ನೊಂದು ಮಧ್ಯಾಹ್ನದ್ದು, ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಮಾಡಬೇಕಾದ ಕೆಲಸ ಸಣ್ಣದು. ಪುಟದ ಮೇಲ್ಭಾಗದಲ್ಲಿ, ಅತ್ಯಂತ ಇತ್ತೀಚಿನ ಬಿಲ್ಲಿನ ದಿನಾಂಕ ಮತ್ತು ವೇಳೆಯನ್ನು ಡೇಟಾದಿಂದಲೇ ತೆಗೆದು, ಭಾರತೀಯ ಸಮಯಕ್ಕೆ ತಿರುಗಿಸಿ ದೊಡ್ಡದಾಗಿ ಹಾಕಿ. ರಿಫ್ರೆಶ್ ಆದ ವೇಳೆಯನ್ನು ಹಾಕಿ ಕೈತೊಳೆದುಕೊಳ್ಳಬೇಡಿ. ಖಾಲಿ ಕೈಯಲ್ಲಿ ಬಂದ ರಿಫ್ರೆಶ್ ಕೂಡ ಯಶಸ್ವಿ ಎಂದೇ ದಾಖಲಾಗುತ್ತದೆ. ಫೇಲ್ ಆದಾಗಿನ ಇಮೇಲ್ ಒಬ್ಬರಿಗಲ್ಲ, ಇಡೀ ತಂಡದ ವಿಳಾಸಕ್ಕೆ ಹೋಗಲಿ.